ಮೋಟಾರು ಪಂದ್ಯದ ಯಜಮಾನ: ಎಂಜೊ ಫೆರಾರಿ

ಇಟಲಿ ದೇಶದ ಉತ್ತರಕ್ಕೆ, ಪೋ ನದಿಯ ಬಯಲಿನಲ್ಲಿ ಮೊದೇನಾ ಎಂಬ ಊರಿದೆ. ನಮ್ಮ ಯಾದಗಿರಿಯಂತೆಯೇ ಅದೂ ರೈಲುದಾರಿಯ ಮೇಲಿನ ಊರು. ಅಲ್ಲಿ ಆಲ್ಫ್ರೆಡೊ ಫೆರಾರಿ ಎಂಬವನು ಲೋಹಗೆಲಸದ ಒಂದು ಚಿಕ್ಕ ಕಾರ್ಖಾನೆಯನ್ನಿಟ್ಟುಕೊಂಡು ರೈಲು ಇಲಾಖೆಗೆ ಬೇಕಾದ ಸಾಮಾನುಗಳನ್ನು ಮಾಡಿಕೊಡುತ್ತಿದ್ದನು. ಆತನ ಎರಡನೆಯ ಮಗ ಎಂಜೊ ಹುಟ್ಟಿದ್ದು ೧೮೯೮ನೆಯ ಇಸವಿಯ ಫೆಬ್ರುವರಿ ೧೮ರಂದು. ಆ ದಿನ ಊರಿನಲ್ಲೆಲ್ಲ ಹಿಮ ಬಿದ್ದು ದಾರಿಗಳು ಮುಚ್ಚಿಹೋಗಿದ್ದರಿಂದ ಜನನವನ್ನು ಬರೆಯಿಸಲು ತಂದೆಗೆ ಎರಡು ದಿನ ತಡವಾಯಿತಂತೆ. ಹೀಗಾಗಿ ಸರಕಾರಿ ದಫ್ತರಿನಲ್ಲಿ ಆತನ ಹುಟ್ಟುದಿನ ೨೦ ಎಂದೇ ಉಳಿಯಿತು. ಹತ್ತು ವರ್ಷದವನಿದ್ದಾಗ, ೧೯೦೮ರಲ್ಲಿ, ತಂದೆಯು ಇಬ್ಬರು ಮಕ್ಕಳನ್ನೂ ಸಮೀಪದ ಬೊಲೋನ್ಯಾ ನಗರಕ್ಕೆ ಮೋಟಾರು ಪಂದ್ಯ ನೋಡಲು ಕರೆದೊಯ್ದನು. ಫೆಲಿಚೆ ನಾತ್ಸಾರೊ ಎಂಬ ಸಾರಥಿಯು ಅಂದು ಗೆದ್ದನು. ಬಾಲಕನ ಮನಸ್ಸಿನಲ್ಲಿ ಆ ಧೂಳೂ ಆ ಸದ್ದೂ ಉಳಿದುಬಿಟ್ಟವು. ಸಂಗೀತ ನಾಟಕದ ಗಾಯಕನಾಗಬೇಕು, ಕ್ರೀಡಾ ವರದಿಗಾರನಾಗಬೇಕು ಎಂಬ ಆಸೆಗಳೂ ಆತನಿಗೆ ಇದ್ದವು. ಕಂಠ ಸಾಲದೆ ಮೊದಲನೆಯದು ಬಿಟ್ಟುಹೋಯಿತು.

ಫೆರಾರಿ ಎಂಬ ಹೆಸರನ್ನು ಕೇಳದವರು ನಮ್ಮ ಕಾಲೇಜಿನಲ್ಲಿ ಇರಲಾರರು. ಕೆಂಪು ಬಣ್ಣದ, ನೆಗೆಯುವ ಕುದುರೆಯ ಚಿಹ್ನೆಯ ಆ ಕಾರನ್ನು ಮೊಬೈಲಿನ ಪರದೆಯ ಮೇಲೆ ನೋಡದ ವಿದ್ಯಾರ್ಥಿಯೂ ಇಲ್ಲ. ಅದರಲ್ಲಿ ಕುಳಿತವರಂತೂ ಯಾರೂ ಇಲ್ಲವೆಂದು ಧೈರ್ಯವಾಗಿ ಹೇಳಬಹುದು. ಆದರೆ ಈ ಲೇಖನವು ಕಾರಿನ ವರ್ಣನೆಗಾಗಿ ಬರೆದುದಲ್ಲ. ಫಾರ್ಮುಲಾ ಒನ್ ಎಂದು ಹೆಸರಾದ ಜಗತ್ತಿನ ಅತ್ಯುನ್ನತ ಮೋಟಾರು ಪಂದ್ಯಗಳಲ್ಲಿ ಹಣ ಯಾರಿಂದ ಬರುತ್ತದೆ, ದೂರದರ್ಶನದ ಚಿತ್ರಗಳನ್ನು ಮಾರುವ ಹಕ್ಕು ಯಾರದು, ನಿಯಮ ಮಾಡುವವರು ಯಾರು ಎಂಬ ಮೂರು ಪ್ರಶ್ನೆಗಳು ಇಂದಿಗೂ ಜಗಳದ ವಸ್ತುವಾಗಿವೆ. ಆ ಜಗಳಗಳ ಬೇರನ್ನು ಅಗೆಯುತ್ತ ಹೋದರೆ ಬಹುಮಟ್ಟಿಗೆ ಈ ಒಬ್ಬ ಮನುಷ್ಯನ ಮನೆಬಾಗಿಲಿಗೆ ಬಂದು ನಿಲ್ಲುತ್ತೇವೆ. ಆದುದರಿಂದ ಆತನ ಜೀವನವನ್ನು ಆ ಕಡೆಯಿಂದ ನೋಡುವುದು ವಾಚಕರಿಗೆ ರುಚಿಸಬಹುದೆಂದು ಭಾವಿಸಿದ್ದೇನೆ.

ಮೊದಲನೆಯ ಮಹಾಯುದ್ಧ ಆ ಕುಟುಂಬವನ್ನು ಮುರಿಯಿತು. ೧೯೧೬ರ ಒಂದೇ ವರ್ಷದಲ್ಲಿ ತಂದೆಯೂ ಅಣ್ಣನೂ ತೀರಿಕೊಂಡರು. ಎಂಜೊ ಬೆಟ್ಟದ ಫಿರಂಗಿದಳಕ್ಕೆ ಸೇರಿದನು. ಅಲ್ಲಿ ಆತನಿಗೆ ಸಿಕ್ಕ ಕೆಲಸವೆಂದರೆ ಹೇಸರಗತ್ತೆಗಳಿಗೆ ಲಾಳ ಹೊಡೆಯುವುದು! ರೋಗ ಹತ್ತಿ ಸೈನ್ಯದಿಂದ ಹೊರಬಂದಾಗ ತಂದೆಯ ಕಾರ್ಖಾನೆಯೂ ಉಳಿದಿರಲಿಲ್ಲ. ಒಂದು ಪರಿಚಯ ಪತ್ರವನ್ನು ಹಿಡಿದು ೧೯೧೮ರ ಚಳಿಗಾಲದಲ್ಲಿ ತೂರಿನ್ ನಗರದ ಫಿಯಟ್ ಕಂಪನಿಯ ಬಾಗಿಲಿಗೆ ಹೋದನು. ಯುದ್ಧದಿಂದ ಮರಳಿದವರೆಲ್ಲರಿಗೂ ಕೆಲಸ ಕೊಡಲಾಗದೆಂದು ಹೇಳಿ ಕಳುಹಿದರು. ಆತನು ವಾಲೆಂತಿನೊ ಉದ್ಯಾನದ ಒಂದು ಬೆಂಚಿನ ಮೇಲೆ ಕುಳಿತು ಅತ್ತನು. ಈ ಸಂಗತಿಯನ್ನು ಆತನೇ ಮುಂದೆ ಬರೆದಿಟ್ಟಿದ್ದಾನೆ. ಫಿಯಟ್ಟಿನ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಐವತ್ತು ವರ್ಷಗಳ ಅನಂತರ ಅದು ಮತ್ತೆ ಬರುತ್ತದೆ.

೧೯೧೯ರಲ್ಲಿ ಮಿಲಾನಿನ ಒಂದು ಚಿಕ್ಕ ಕಂಪನಿಯಲ್ಲಿ ಕಾರುಗಳನ್ನು ಓಡಿಸಿ ಪರೀಕ್ಷಿಸುವ ಕೆಲಸ ಸಿಕ್ಕಿತು. ಅದೇ ವರ್ಷ ಮೊದಲ ಬಾರಿಗೆ ಪಂದ್ಯದಲ್ಲಿ ಕಾರು ನಡೆಸಿದನು. ಮರುವರ್ಷ ಆಲ್ಫಾ ರೋಮಿಯೋ ಕಂಪನಿಯನ್ನು ಸೇರಿ, ಸಿಸಿಲಿ ದ್ವೀಪದ ಪ್ರಸಿದ್ಧ ತಾರ್ಗಾ ಫ್ಲೋರಿಯೊ ಪಂದ್ಯದಲ್ಲಿ ಎರಡನೆಯವನಾಗಿ ಬಂದನು. ಸಾರಥಿಯಾಗಿ ಆತನು ಒಳ್ಳೆಯವನು, ಆದರೆ ಅತ್ಯುತ್ತಮನಲ್ಲ. ಇದನ್ನು ಆತನೇ ಬೇಗ ಕಂಡುಕೊಂಡನು. ಆತನ ನಿಜವಾದ ಶಕ್ತಿ ಬೇರೆ ಕಡೆಗಿತ್ತು. ಯಾವ ಕೆಲಸಕ್ಕೆ ಯಾರು ಬೇಕು, ಅವರನ್ನು ಹೇಗೆ ಒಲಿಸಿಕೊಳ್ಳಬೇಕು ಎಂಬ ವಿದ್ಯೆಯಲ್ಲಿ ಆತನಿಗೆ ಸಮಾನರಿರಲಿಲ್ಲ. ತನ್ನನ್ನು ಬಾಗಿಲಿನಿಂದಲೇ ಕಳುಹಿದ ಫಿಯಟ್ಟಿನಿಂದ ವಿತ್ತೋರಿಯೊ ಯಾನೊ ಎಂಬ ಮಹಾ ಯಂತ್ರಶಿಲ್ಪಿಯನ್ನು ೧೯೨೩ರಲ್ಲಿ ಆಲ್ಫಾ ಕಂಪನಿಗೆ ಸೆಳೆದುತಂದವನು ಈತನೇ. ಅದೇ ವರ್ಷ ರವೆನ್ನಾದ ಒಂದು ಪಂದ್ಯವನ್ನು ಗೆದ್ದಾಗ, ಯುದ್ಧದಲ್ಲಿ ಮಡಿದ ಫ್ರಾಂಚೆಸ್ಕೊ ಬರಾಕ್ಕಾ ಎಂಬ ವೀರ ವೈಮಾನಿಕನ ತಂದೆಯ ಪರಿಚಯವಾಯಿತು. ಮಗನ ವಿಮಾನದ ಮೇಲಿದ್ದ ಕಪ್ಪು ಕುದುರೆಯ ಚಿಹ್ನೆಯನ್ನು ಆ ಕುಟುಂಬದವರು ಫೆರಾರಿಗೆ ಕೊಟ್ಟರು. ಹಿಂದೆ ಮೊದೇನಾ ನಗರದ ಹಳದಿ ಬಣ್ಣವನ್ನು ಸೇರಿಸಿ ಆತನು ಅದನ್ನು ತನ್ನದಾಗಿ ಮಾಡಿಕೊಂಡನು.

೧೯೨೯ರ ನವೆಂಬರಿನಲ್ಲಿ ಆತನು ಕಟ್ಟಿದ ಸಂಸ್ಥೆಯ ಹೆಸರು ಸ್ಕುದೆರಿಯಾ ಫೆರಾರಿ. ಸ್ಕುದೆರಿಯಾ ಎಂದರೆ ಇಟಾಲಿಯನ್ ಭಾಷೆಯಲ್ಲಿ ಕುದುರೆಯ ಲಾಯ. ಈ ಲಾಯದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಏಕೆಂದರೆ ಇಂದಿನ ಪಂದ್ಯಗಳ ಅರ್ಥವ್ಯವಸ್ಥೆಯೆಲ್ಲವೂ ಬೀಜರೂಪದಲ್ಲಿ ಅಲ್ಲಿತ್ತು. ಫೆರಾರಿಯ ಬಳಿ ದೊಡ್ಡ ಬಂಡವಾಳವಿರಲಿಲ್ಲ. ಬಟ್ಟೆ ವ್ಯಾಪಾರಿಗಳಾದ ಕನಿಯಾತೊ ಸಹೋದರರು ಮೊದಲಾದ ಸಿರಿವಂತರು ಹಣ ಹಾಕಿದರು. ಅವರಿಗೆ ಬೇಕಾದದ್ದು ಭಾನುವಾರ ಪಂದ್ಯದಲ್ಲಿ ಕಾರು ಓಡಿಸುವ ಸುಖ. ಕಾರನ್ನು ಸಿದ್ಧಗೊಳಿಸುವ, ಸಾಗಿಸುವ, ಕೆಟ್ಟರೆ ರಿಪೇರಿ ಮಾಡುವ ತಲೆನೋವು ಬೇಡ. ಆ ತಲೆನೋವನ್ನು ಫೆರಾರಿ ಕೊಂಡುಕೊಂಡನು. ಆಲ್ಫಾ ಕಂಪನಿಯವರು ಕಾರು ಕೊಟ್ಟರು. ಟೈರಿನ ಪಿರೆಲ್ಲಿ, ಎಣ್ಣೆಯ ಶೆಲ್, ವಿದ್ಯುತ್ ಸಾಮಾನಿನ ಬಾಷ್ ಕಂಪನಿಗಳು ತಮ್ಮ ತಮ್ಮ ಪ್ರಚಾರಕ್ಕೋಸ್ಕರ ನೆರವಾದವು. ಇದರ ಮೇಲೆ ಪಂದ್ಯ ನಡೆಸುವವರಿಂದ ಹಾಜರಿ ಹಣ ಬರುತ್ತಿತ್ತು. ಪ್ರಖ್ಯಾತ ಸಾರಥಿಗಳು ಬಂದರೆ ಜನ ಟಿಕೆಟ್ ಕೊಂಡು ಬರುತ್ತಾರೆ. ಆದುದರಿಂದ ಬರುವುದಕ್ಕೇ ಒಂದು ಬೆಲೆ. ಗೆದ್ದರೆ ಬಹುಮಾನ ಬೇರೆ. ತನ್ನ ಹಣವನ್ನು ಆದಷ್ಟು ಕಡಿಮೆ ಹಾಕಿ, ಪರರ ಹಣದಿಂದ ಪಂದ್ಯ ನಡೆಸಿ, ನಿರ್ಧಾರ ಮಾತ್ರ ತನ್ನ ಕೈಯಲ್ಲಿಟ್ಟುಕೊಳ್ಳುವುದು ಆತನ ಪದ್ಧತಿ. ಈ ಪದ್ಧತಿಯನ್ನು ತೊಂಬತ್ತು ವರ್ಷದವರೆಗೂ ಬಿಡಲಿಲ್ಲ. ೧೯೩೨ರಲ್ಲಿ ಮಗ ದೀನೊ ಹುಟ್ಟಿದನು. ಅದಕ್ಕೆ ಸ್ವಲ್ಪ ಮುಂಚೆಯೇ ಸಾರಥ್ಯವನ್ನು ಬಿಟ್ಟು ಪೂರ್ಣವಾಗಿ ಯಜಮಾನನಾಗಿದ್ದನು.

ಅಷ್ಟರಲ್ಲಿ ಜರ್ಮನಿಯಲ್ಲಿ ಹಿಟ್ಲರನ ಸರಕಾರವು ಮರ್ಸಿಡಿಸ್ ಮತ್ತು ಆಟೊ ಯೂನಿಯನ್ ಕಂಪನಿಗಳಿಗೆ ರಾಜ್ಯದ ಬೊಕ್ಕಸದಿಂದ ಹಣ ಸುರಿಯತೊಡಗಿತು. ಅದರ ಎದುರು ನಿಲ್ಲುವುದು ಯಾವ ಖಾಸಗಿ ಲಾಯಕ್ಕೂ ಅಸಾಧ್ಯವಾಗಿತ್ತು. ಆದರೂ ೧೯೩೫ರ ಜುಲೈನಲ್ಲಿ, ಜರ್ಮನರದೇ ನ್ಯೂರ್ಬರ್ಗ್ ರಿಂಗ್ ಪಥದಲ್ಲಿ, ಫೆರಾರಿಯ ಲಾಯದ ಹಳೆಯ ಆಲ್ಫಾ ಕಾರಿನಲ್ಲಿ ತಾತ್ಸಿಯೊ ನೂವೊಲಾರಿ ಅವರೆಲ್ಲರನ್ನೂ ಸೋಲಿಸಿದನು. ಇದೊಂದು ಅದ್ಭುತವೇ ಹೊರತು ನಿಯಮವಾಗಲಿಲ್ಲ. ಕೆಲವು ವರ್ಷಗಳಲ್ಲಿ ಆಲ್ಫಾ ಕಂಪನಿಯು ಲಾಯವನ್ನೇ ಕೊಂಡು ಫೆರಾರಿಯನ್ನು ನೌಕರನನ್ನಾಗಿ ಮಾಡಿಕೊಂಡಿತು. ಯಾರ ಕೈಕೆಳಗೂ ದುಡಿಯುವ ಸ್ವಭಾವ ಆತನದಲ್ಲ. ೧೯೩೯ರಲ್ಲಿ ಹೊರಬಂದನು. ನಾಲ್ಕು ವರ್ಷ ತನ್ನ ಹೆಸರಿನಲ್ಲಿ ಪಂದ್ಯದ ಕಾರು ಹೂಡಕೂಡದೆಂಬ ಕರಾರಿಗೆ ಕಟ್ಟುಬಿದ್ದಿದ್ದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯಂತ್ರೋಪಕರಣಗಳನ್ನು ಮಾಡಿ ಮಾರಿದನು. ೧೯೪೩ರಲ್ಲಿ ಕಾರ್ಖಾನೆಯನ್ನು ಮೊದೇನಾದಿಂದ ಹತ್ತಿರದ ಮಾರನೆಲ್ಲೊ ಎಂಬ ಹಳ್ಳಿಗೆ ಸಾಗಿಸಿದನು. ಅಲ್ಲಿಯೂ ಬಾಂಬು ಬಿದ್ದಿತು. ಕಟ್ಟಿಕೊಂಡನು.

೧೯೪೭ರ ಮೇ ತಿಂಗಳಲ್ಲಿ ಹನ್ನೆರಡು ಸಿಲಿಂಡರಿನ ಎಂಜಿನ್ನುಳ್ಳ ಮೊದಲನೆಯ ಫೆರಾರಿ ಕಾರು ಪಂದ್ಯಕ್ಕಿಳಿಯಿತು. ಅದೇ ತಿಂಗಳು ರೋಮಿನಲ್ಲಿ ಮೊದಲ ಗೆಲುವು. ಅಕ್ಟೋಬರಿನಲ್ಲಿ ತೂರಿನ್ನಿನ ವಾಲೆಂತಿನೊ ಉದ್ಯಾನದಲ್ಲೇ ನಡೆದ ಪಂದ್ಯವನ್ನು ಆತನ ಕಾರು ಗೆದ್ದಿತು. ಯಜಮಾನನು ಹೋಗಿ ಆ ಹಳೆಯ ಬೆಂಚಿನ ಮೇಲೆಯೇ ಕುಳಿತನಂತೆ. ೧೯೫೦ರಲ್ಲಿ ಫಾರ್ಮುಲಾ ಒನ್ ಪಂದ್ಯಗಳಿಗೆ ವಿಶ್ವಚಾಂಪಿಯನ್ ಪದವಿ ಏರ್ಪಟ್ಟು, ಮೇ ೧೩ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ಮೊದಲನೆಯ ಪಂದ್ಯ ನಡೆಯಿತು. ಚರಿತ್ರೆಯ ಆ ಮೊದಲ ಪಂದ್ಯದಲ್ಲಿ ಫೆರಾರಿ ಕಾರುಗಳೇ ಇರಲಿಲ್ಲ! ಹಾಜರಿ ಹಣದ ಚೌಕಾಶಿ ಮುಗಿಯದ್ದರಿಂದ ಆತನು ಕಳುಹಿಸಲಿಲ್ಲವೆಂದು ಹೇಳುತ್ತಾರೆ. ಮುಂದಿನ ಮೊನಾಕೊ ಪಂದ್ಯಕ್ಕೆ ಬಂದನು. ಮರುವರ್ಷ ಅದೇ ಸಿಲ್ವರ್‌ಸ್ಟೋನಿನಲ್ಲಿ ಗೊನ್ಸಾಲೆಸ್ ಎಂಬ ಅರ್ಜೆಂಟೀನದ ಸಾರಥಿಯು ಆಲ್ಫಾ ಕಾರುಗಳನ್ನು ಸೋಲಿಸಿ ಫೆರಾರಿಗೆ ಮೊದಲ ವಿಜಯವನ್ನು ತಂದನು. ತಾನು ಬಿಟ್ಟುಬಂದ ಮನೆಯನ್ನು ಸೋಲಿಸಿದಾಗ ಆತನಿಗೆ ತಾಯಿಯನ್ನು ಕೊಂದಷ್ಟು ದುಃಖವಾಯಿತಂತೆ. ದುಃಖವಿದ್ದೀತು, ಆದರೆ ೧೯೫೨ ಮತ್ತು ೧೯೫೩ರಲ್ಲಿ ಆಲ್ಬೆರ್ತೊ ಅಸ್ಕಾರಿಯ ಕೈಯಿಂದ ಎರಡು ಚಾಂಪಿಯನ್ ಪದವಿಗಳನ್ನು ಗೆಲ್ಲಿಸಿಕೊಳ್ಳುವುದಕ್ಕೆ ಅದೇನೂ ಅಡ್ಡಿಯಾಗಲಿಲ್ಲ.

ಬೇರೆ ಕಂಪನಿಗಳು ಕಾರು ಮಾರುವುದಕ್ಕೋಸ್ಕರ ಪಂದ್ಯಕ್ಕೆ ಹೋಗುತ್ತಿದ್ದವು. ಫೆರಾರಿ ಪಂದ್ಯಕ್ಕೆ ಹೋಗುವುದಕ್ಕೋಸ್ಕರ ಕಾರು ಮಾರಿದನು. ರಾಜರೂ ಚಿತ್ರನಟರೂ ಕಾರಿಗಾಗಿ ಮಾರನೆಲ್ಲೊಗೆ ಬಂದು ಆತನ ಕೋಣೆಯ ಹೊರಗೆ ಕಾಯುತ್ತಿದ್ದರು. ಕಾಯಿಸುವುದೂ ವ್ಯಾಪಾರದ ಒಂದು ಭಾಗವೇ ಆಗಿತ್ತು. ಕಪ್ಪು ಕನ್ನಡಕ, ನೇರಳೆ ಬಣ್ಣದ ಶಾಯಿ, ದಿನವೂ ಬೆಳಿಗ್ಗೆ ಕ್ಷೌರಿಕನಲ್ಲಿಗೆ, ಅಲ್ಲಿಂದ ಸ್ಮಶಾನಕ್ಕೆ, ಆಮೇಲೆ ಕಾರ್ಖಾನೆಗೆ. ಸ್ಮಶಾನಕ್ಕೆ ಏಕೆಂದರೆ ಮಗ ದೀನೊ ಸ್ನಾಯುಗಳು ಕ್ಷಯಿಸುವ ರೋಗದಿಂದ ೧೯೫೬ರ ಜೂನ್ ೩೦ರಂದು ಇಪ್ಪತ್ತನಾಲ್ಕನೆಯ ವಯಸ್ಸಿಗೆ ತೀರಿಕೊಂಡಿದ್ದನು. ಇನ್ನೊಬ್ಬಳಲ್ಲಿ ೧೯೪೫ರಲ್ಲಿ ಹುಟ್ಟಿದ ಪಿಯೆರೊ ಎಂಬ ಮಗನಿದ್ದನು. ಹೆಂಡತಿ ಲಾವುರಾ ೧೯೭೮ರಲ್ಲಿ ತೀರಿಕೊಳ್ಳುವವರೆಗೂ ಅವನನ್ನು ತನ್ನ ಮಗನೆಂದು ಬಹಿರಂಗವಾಗಿ ಒಪ್ಪಿಕೊಳ್ಳಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಒಬ್ಬ ಹುಡುಗನನ್ನು ನೆರಳಿನಲ್ಲಿಟ್ಟ ಈ ಕಥೆಯನ್ನು ಆತನ ಅಭಿಮಾನಿಗಳು ಬೇಗ ಬೇಗ ದಾಟಿಹೋಗುತ್ತಾರೆ.

ಇನ್ನು ಸಾವಿನ ಲೆಕ್ಕ. ಹಣದ ಲೆಕ್ಕ ಬರೆಯುವವನು ಇದನ್ನೂ ಬರೆಯಬೇಕು. ೧೯೫೭ರ ಮೇ ೧೨ರಂದು ಇಟಲಿಯ ಸಾಮಾನ್ಯ ರಸ್ತೆಗಳ ಮೇಲೆ ನಡೆದ ಸಾವಿರ ಮೈಲಿಗಳ ಮಿಲ್ಲೆ ಮಿಲ್ಯಾ ಪಂದ್ಯದಲ್ಲಿ ಪೊರ್ತಾಗೊ ಎಂಬ ಸ್ಪೇನಿನ ಶ್ರೀಮಂತ ತರುಣನ ಫೆರಾರಿ ಕಾರಿನ ಟೈರು ಗುಯಿದಿತ್ಸೊಲೊ ಗ್ರಾಮದ ಬಳಿ ಸಿಡಿಯಿತು. ಆತನೂ ಜೊತೆಗಾರನೂ, ದಾರಿಯ ಬದಿಯಲ್ಲಿ ನಿಂತು ನೋಡುತ್ತಿದ್ದ ಒಂಬತ್ತು ಜನರೂ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಮಿಲ್ಲೆ ಮಿಲ್ಯಾ ಪಂದ್ಯ ಆ ರೂಪದಲ್ಲಿ ಅಂದಿಗೇ ಕೊನೆಗೊಂಡಿತು. ಯೋಗ್ಯವಲ್ಲದ ಟೈರು ಹಾಕಿ ಜನರ ಸಾವಿಗೆ ಕಾರಣನಾದನೆಂದು ಫೆರಾರಿಯ ಮೇಲೆ ಮೊಕದ್ದಮೆ ನಡೆಯಿತು. ೧೯೬೧ರಲ್ಲಿ ನಿರ್ದೋಷಿಯೆಂದು ಬಿಡುಗಡೆಯಾದನು. ೧೯೫೮ರ ಬೇಸಗೆಯಲ್ಲಿ ಲುಯಿಜಿ ಮುಸ್ಸೊ ಮತ್ತು ಪೀಟರ್ ಕಾಲಿನ್ಸ್ ಒಬ್ಬರಾದ ಮೇಲೊಬ್ಬರು ಆತನ ಕಾರುಗಳಲ್ಲಿ ಸತ್ತರು. ಕ್ರೈಸ್ತ ಧರ್ಮಪೀಠದ ಪತ್ರಿಕೆಯು ಆತನನ್ನು ತನ್ನ ಮಕ್ಕಳನ್ನೇ ನುಂಗುವ ಪುರಾಣದ ಶನಿದೇವತೆಗೆ ಹೋಲಿಸಿ ಬರೆಯಿತು. ೧೯೬೧ರ ಸೆಪ್ಟೆಂಬರಿನಲ್ಲಿ ಮೋಂತ್ಸಾ ಪಥದಲ್ಲಿ ಫಾನ್ ಟ್ರಿಪ್ಸ್ ಎಂಬ ಜರ್ಮನ್ ಸಾರಥಿಯೂ ಆತನೊಡನೆ ಹದಿನೈದು ಪ್ರೇಕ್ಷಕರೂ ಮಡಿದರು. ಅಂದೇ ಫೆರಾರಿಯ ಇನ್ನೊಬ್ಬ ಸಾರಥಿ ಫಿಲ್ ಹಿಲ್ ವಿಶ್ವಚಾಂಪಿಯನ್ ಆದನು.

ನ್ಯಾಯಾಲಯವು ಬಿಟ್ಟಿತೆಂದು ನಾವೂ ಬಿಡಬೇಕೆಂದಿಲ್ಲ. ಆ ಕಾಲದ ಎಲ್ಲ ಲಾಯಗಳಲ್ಲಿಯೂ ಸಾವುಗಳಾಗಿವೆ ಎಂಬುದು ನಿಜ. ಆದರೆ ಸಾರಥಿಗಳನ್ನು ಪರಸ್ಪರ ಸ್ಪರ್ಧೆಗೆ ಹಚ್ಚಿ, ಯಾರಿಗೂ ಸ್ಥಾನ ಭದ್ರವೆಂಬ ಭಾವನೆ ಬರದಂತೆ ನೋಡಿಕೊಳ್ಳುವುದು ಆತನ ರೀತಿಯಾಗಿತ್ತು ಎಂದು ಆತನ ಬಳಿ ದುಡಿದ ಅನೇಕರು ಹೇಳಿದ್ದಾರೆ. ಕಾರು ತನ್ನದು, ಕೀರ್ತಿ ತನ್ನದು, ಅಪಾಯ ಮಾತ್ರ ಸಾರಥಿಯದು ಎಂಬ ವ್ಯವಸ್ಥೆ ಅದು.

೧೯೬೩ಕ್ಕೆ ಬರೋಣ. ಪಂದ್ಯದ ಖರ್ಚು ಏರುತ್ತಿತ್ತು. ಅಮೆರಿಕೆಯ ಫೋರ್ಡ್ ಕಂಪನಿಯು ಫೆರಾರಿ ಕಾರ್ಖಾನೆಯನ್ನು ಕೊಳ್ಳಲು ಮುಂದೆ ಬಂದಿತು. ಮಾತುಕತೆ ಬಹಳ ದೂರ ಸಾಗಿ, ಮೇ ತಿಂಗಳಲ್ಲಿ ಪತ್ರಗಳು ಸಿದ್ಧವಾದವು. ಆದರೆ ಪಂದ್ಯಗಳ ಖರ್ಚು ಗೊತ್ತುಪಡಿಸಿದ ಮೊತ್ತವನ್ನು ಮೀರಿದರೆ ಅಮೆರಿಕೆಯ ಅನುಮತಿ ಬೇಕೆಂಬ ಕಲಮು ಆತನ ಕಣ್ಣಿಗೆ ಬಿದ್ದಿತು. ಅಲ್ಲಿಗೆ ಮಾತುಕತೆ ಮುರಿಯಿತು. ಸುರಪುರದ ಇತಿಹಾಸವನ್ನು ಓದಿದ ನಮ್ಮ ವಿದ್ಯಾರ್ಥಿಗಳಿಗೆ ಈ ಭಯವು ಅರ್ಥವಾಗದೆ ಇರದು. ನಿಜಾಮ ಸರಕಾರಕ್ಕೆ ಸಲ್ಲಬೇಕಾದ ಹಣದ ಬಾಕಿಯ ದಾರಿಯಿಂದಲೇ ೧೮೪೦ರ ದಶಕದಲ್ಲಿ ನಾಯಕರ ಸಂಸ್ಥಾನದೊಳಗೆ ಮೆಡೋಸ್ ಟೇಲರನಂಥ ಅಧಿಕಾರಿಯ ಆಡಳಿತ ಕಾಲಿಟ್ಟಿತು. ಟೇಲರನು ಒಳ್ಳೆಯವನೇ ಆಗಿದ್ದನೆಂಬುದು ಬೇರೆ ಮಾತು. ಫೋರ್ಡ್ ಕಂಪನಿಯವರು ಕೋಪಗೊಂಡು ತಮ್ಮದೇ ಕಾರನ್ನು ಕಟ್ಟಿಸಿ, ೧೯೬೬ರಲ್ಲಿ ಫ್ರಾನ್ಸಿನ ಲೆ ಮಾನ್ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯದಲ್ಲಿ ಮೊದಲ ಮೂರು ಸ್ಥಾನಗಳನ್ನೂ ಕಸಿದುಕೊಂಡರು. ಸ್ವಾತಂತ್ರ್ಯಕ್ಕೆ ಆತನು ತೆತ್ತ ಬೆಲೆ ಅದು.

ಆಳುವವರೊಡನೆ ಆತನ ಜಗಳದ ರೀತಿಗೆ ಇನ್ನೊಂದು ಉದಾಹರಣೆ ೧೯೬೪ರದು. ತನ್ನ ಒಂದು ಕಾರಿಗೆ ಮಾನ್ಯತೆ ದೊರಕಿಸುವ ವಿಷಯದಲ್ಲಿ ಇಟಲಿಯ ಮೋಟಾರು ಸಂಘವು ತನ್ನ ಬೆಂಬಲಕ್ಕೆ ನಿಲ್ಲಲಿಲ್ಲವೆಂದು ಸಿಟ್ಟಾಗಿ, ಇಟಲಿಯ ರಾಷ್ಟ್ರೀಯ ಕೆಂಪು ಬಣ್ಣವನ್ನೇ ತೊರೆದು, ವರ್ಷದ ಕೊನೆಯ ಎರಡು ಪಂದ್ಯಗಳಿಗೆ ತನ್ನ ಅಮೆರಿಕನ್ ವ್ಯಾಪಾರಿಯ ಲಾಯದ ಹೆಸರಿನಲ್ಲಿ ಬಿಳಿ ನೀಲಿ ಬಣ್ಣದ ಕಾರುಗಳನ್ನು ಕಳುಹಿದನು. ಜಾನ್ ಸರ್ಟೀಸ್ ಮೆಕ್ಸಿಕೊದಲ್ಲಿ ವಿಶ್ವಚಾಂಪಿಯನ್ ಆದಾಗ ಆತನ ಫೆರಾರಿ ಕೆಂಪಾಗಿರಲಿಲ್ಲ. ಮರುವರ್ಷ ಕೆಂಪು ಮರಳಿತು. ಸಂಘದವರಿಗೆ ತಿಳಿಯಬೇಕಾದದ್ದು ತಿಳಿದಿತ್ತು.

ಕೊನೆಗೆ ಹಣದ ಪ್ರಶ್ನೆ ಬಗೆಹರಿದದ್ದು ೧೯೬೯ರ ಜೂನಿನಲ್ಲಿ. ಐವತ್ತು ವರ್ಷಗಳ ಹಿಂದೆ ಕೆಲಸ ಕೊಡದೆ ಕಳುಹಿದ ಫಿಯಟ್ ಕಂಪನಿಯೇ ಅರ್ಧ ಪಾಲನ್ನು ಕೊಂಡಿತು. ಮಾರಾಟದ ಕಾರುಗಳ ವಹಿವಾಟು ಫಿಯಟ್ಟಿಗೆ. ಪಂದ್ಯದ ವಿಭಾಗ ಸಾಯುವವರೆಗೂ ಫೆರಾರಿಯ ಕೈಯಲ್ಲಿ. ಫೋರ್ಡಿನವರು ಕೊಡದೆ ಇದ್ದುದನ್ನು ಫಿಯಟ್ಟಿನ ಆನ್ಯೆಲ್ಲಿ ಕೊಟ್ಟನು. ಆ ಬಲದ ಮೇಲೆ ೧೯೭೨ರಲ್ಲಿ ಫಿಯೊರಾನೊ ಎಂಬಲ್ಲಿ ಸ್ವಂತ ಪರೀಕ್ಷಾ ಪಥವೇ ಸಿದ್ಧವಾಯಿತು. ೧೯೭೫ ಮತ್ತು ೧೯೭೭ರಲ್ಲಿ ನಿಕಿ ಲೌಡಾ, ೧೯೭೯ರಲ್ಲಿ ಜೋಡಿ ಶೆಕ್ಟರ್ ವಿಶ್ವಚಾಂಪಿಯನ್ನರಾದರು.

ಇಷ್ಟು ಗೆಲುವುಗಳಲ್ಲಿ ಒಂದನ್ನೂ ಆತನು ಎದುರಿಗೆ ನಿಂತು ನೋಡಲಿಲ್ಲ. ಎಷ್ಟೋ ದಶಕಗಳಿಂದ ಆತನು ಪಂದ್ಯಗಳಿಗೆ ಹೋಗುವುದನ್ನೇ ಬಿಟ್ಟಿದ್ದನು. ಮೋಂತ್ಸಾದಲ್ಲಿ ಅಭ್ಯಾಸದ ದಿನ ಬಂದು ಮುಖ ತೋರಿಸಿ ಮರಳಿದರೆ ಮುಗಿಯಿತು. ಉಳಿದುದೆಲ್ಲ ದೂರವಾಣಿಯಲ್ಲಿ ಕೇಳುವುದು, ದೂರದರ್ಶನದಲ್ಲಿ ನೋಡುವುದು. ಪಂದ್ಯವು ಇನ್ನು ಮುಂದೆ ಪರದೆಯ ಮೇಲೆ ಬದುಕಲಿದೆ ಎಂಬುದು ಪರದೆಯ ಮುಂದೆಯೇ ಕುಳಿತ ಈ ಮುದುಕನಿಗೆ ಇತರರಿಗಿಂತ ಚೆನ್ನಾಗಿ ತಿಳಿದಿದ್ದರೆ ಆಶ್ಚರ್ಯವಿಲ್ಲ.

ಇಲ್ಲಿ ಒಂದು ವಿವರಣೆ ಅಗತ್ಯ. ನಮ್ಮ ಭಾಗದ ಜಾತ್ರೆಗಳಲ್ಲಿ ಕುಸ್ತಿ ನಡೆಯುವುದನ್ನು ಎಲ್ಲರೂ ಬಲ್ಲೆವು. ಪೈಲವಾನರು ಒಂದು ಪಕ್ಷ. ಕುಸ್ತಿಯ ನಿಯಮ ಹೇಳಿ, ಯಾರು ಗೆದ್ದರೆಂದು ತೀರ್ಮಾನಿಸುವ ಪಂಚರು ಎರಡನೆಯ ಪಕ್ಷ. ಟಿಕೆಟ್ಟಿನ ಗುತ್ತಿಗೆ ಹಿಡಿದವನು ಮೂರನೆಯವನು. ಅಖಾಡದಲ್ಲಿ ಬೆವರು ಸುರಿಸುವವರು ಪೈಲವಾನರು. ಗಲ್ಲಾ ಪೆಟ್ಟಿಗೆ ಗುತ್ತಿಗೆದಾರನ ಬಳಿ. ಮಾತು ನಡೆಯುವುದು ಪಂಚರದು. ಪೈಲವಾನರೆಲ್ಲರೂ ಒಂದಾಗಿ, ಗುತ್ತಿಗೆಯನ್ನೂ ನಾವೇ ಹಿಡಿಯುತ್ತೇವೆ, ಇಲ್ಲವಾದರೆ ಬೇರೆ ಅಖಾಡ ತೋಡುತ್ತೇವೆ ಎಂದು ನಿಂತರೆ ಏನಾಗಬಹುದೋ, ಫಾರ್ಮುಲಾ ಒನ್‌ನಲ್ಲಿ ೧೯೭೦ರ ದಶಕದ ಕೊನೆಗೆ ಅದೇ ಆಯಿತು. ಇಂಗ್ಲೆಂಡಿನ ಚಿಕ್ಕ ಚಿಕ್ಕ ಲಾಯಗಳು ಕಾರು ತಯಾರಕರ ಸಂಘವೊಂದನ್ನು ಕಟ್ಟಿಕೊಂಡಿದ್ದವು. ಬ್ರಾಭಂ ತಂಡದ ಒಡೆಯನಾದ ಬರ್ನಿ ಎಕ್ಲ್‌ಸ್ಟನ್ ಅದರ ನಾಯಕ. ಮೊದಲು ಒಬ್ಬೊಬ್ಬ ತಂಡದವನೂ ಪ್ರತ್ಯೇಕವಾಗಿ ಚೌಕಾಶಿ ಮಾಡುತ್ತಿದ್ದ ಹಾಜರಿ ಹಣವನ್ನು ಆತನು ಎಲ್ಲರ ಪರವಾಗಿ ಒಟ್ಟಾಗಿ ಕೇಳತೊಡಗಿದನು. ೧೯೬೮ರಿಂದ ಲೋಟಸ್ ತಂಡದ ಕಾರುಗಳು ತಂಬಾಕು ಕಂಪನಿಯ ಬಣ್ಣವನ್ನು ಬಳಿದುಕೊಂಡು ಓಡುತ್ತಿದ್ದವು. ಜಾಹೀರಾತಿನ ಬೆಲೆಯು ಎಷ್ಟು ಜನ ಪರದೆಯ ಮೇಲೆ ನೋಡುತ್ತಾರೆ ಎಂಬುದರ ಮೇಲೆ ನಿಂತಿತ್ತು. ಆದುದರಿಂದ ದೂರದರ್ಶನದ ಹಕ್ಕು ಯಾರದು ಎಂಬುದೇ ಮುಖ್ಯ ಪ್ರಶ್ನೆಯಾಯಿತು. ಎದುರು ಪಕ್ಷದಲ್ಲಿ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟದ ಕ್ರೀಡಾ ಮುಖಂಡನಾದ ಫ್ರಾನ್ಸಿನ ಬಾಲೆಸ್ತ್ರ ಎಂಬವನಿದ್ದನು. ಫೆರಾರಿ, ರೆನೊ, ಆಲ್ಫಾ ಎಂಬ ದೊಡ್ಡ ತಯಾರಕರು ಒಕ್ಕೂಟದ ಕಡೆ ನಿಂತರು.

೧೯೮೦ರಲ್ಲಿ ಸ್ಪೇನಿನ ಪಂದ್ಯವು ಫೆರಾರಿ ಮೊದಲಾದವರಿಲ್ಲದೆ ನಡೆದು, ಚಾಂಪಿಯನ್ ಪದವಿಯ ಲೆಕ್ಕದಿಂದ ಹೊರಬಿದ್ದಿತು. ೧೯೮೧ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕೆಯಲ್ಲಿಯೂ ಹಾಗೆಯೇ ಆಯಿತು. ಇಂಗ್ಲಿಷ್ ಲಾಯಗಳಿಗೆ ಫೆರಾರಿಯಿಲ್ಲದ ಪಂದ್ಯವನ್ನು ಕೊಳ್ಳುವವರಿಲ್ಲ. ಒಕ್ಕೂಟಕ್ಕೆ ಇಂಗ್ಲಿಷ್ ಲಾಯಗಳಿಲ್ಲದೆ ಕಣ ತುಂಬುವುದಿಲ್ಲ. ಈ ಸಿಕ್ಕಿನ ನಡುವೆ, ಆ ವರ್ಷದ ಜನವರಿಯಲ್ಲಿ ಲಾಯಗಳ ಒಡೆಯರೆಲ್ಲರೂ ಎಂಬತ್ತೆರಡರ ಮುದುಕನ ಊರಾದ ಮಾರನೆಲ್ಲೊಗೆ ಬಂದು ಗಂಟೆಗಟ್ಟಲೆ ಕುಳಿತು ಮಾತನಾಡಿದರು. ಅಲ್ಲಿ ಹುಟ್ಟಿದ ಸಂಧಿಗೆ ಮಾರ್ಚ್ ತಿಂಗಳಲ್ಲಿ ಸಹಿ ಬಿದ್ದಿತು. ಒಕ್ಕೂಟದ ಕಚೇರಿಯು ಪ್ಯಾರಿಸಿನ ಕಾಂಕಾರ್ಡ್ ಚೌಕದಲ್ಲಿದ್ದುದರಿಂದ ಅದಕ್ಕೆ ಕಾಂಕಾರ್ಡ್ ಒಪ್ಪಂದವೆಂದು ಹೆಸರಾಯಿತು. ನಿಯಮ ಮಾಡುವ ಅಧಿಕಾರ ಒಕ್ಕೂಟಕ್ಕೆ. ದೂರದರ್ಶನದ ಹಕ್ಕಿನ ವ್ಯಾಪಾರ ಎಕ್ಲ್‌ಸ್ಟನ್ನನ ಸಂಘಕ್ಕೆ. ಪ್ರತಿಯೊಂದು ಲಾಯವೂ ಪ್ರತಿಯೊಂದು ಪಂದ್ಯಕ್ಕೂ ತಪ್ಪದೆ ಬರಬೇಕು. ಈ ಕೊನೆಯ ಕಲಮಿನ ಮಹತ್ವವನ್ನು ಗಮನಿಸಬೇಕು. ಯಾವ ಪಂದ್ಯಕ್ಕೆ ಯಾರು ಬರುತ್ತಾರೋ ಗೊತ್ತಿಲ್ಲದ ಸರಕನ್ನು ದೂರದರ್ಶನದವರು ಏಕೆ ಕೊಳ್ಳಬೇಕು? ೧೯೫೦ರಲ್ಲಿ ಹಾಜರಿ ಹಣ ಸಾಲದೆಂದು ಮೊದಲ ಪಂದ್ಯಕ್ಕೇ ಕಾರು ಕಳುಹದಿದ್ದವನು ಈಗ ಎಲ್ಲ ಪಂದ್ಯಗಳಿಗೂ ಹಾಜರಿ ಕೊಡುವೆನೆಂದು ಸಹಿ ಹಾಕಿದನು. ಆ ಸಹಿಗೆ ಪ್ರತಿಯಾಗಿ ಆತನ ಲಾಯಕ್ಕೆ ಮುಂದೆ ದೊರೆತುದು ಕಡಿಮೆಯದೇನಲ್ಲ.

ಆತನ ಕೊನೆಯ ಚೌಕಾಶಿ ೧೯೮೬ರದು. ಎಂಜಿನ್ನಿಗೆ ಎಂಟಕ್ಕಿಂತ ಹೆಚ್ಚು ಸಿಲಿಂಡರುಗಳಿರಬಾರದೆಂಬ ನಿಯಮ ಬರುವ ಸೂಚನೆಯಿತ್ತು. ಹನ್ನೆರಡು ಸಿಲಿಂಡರಿನಿಂದ ಹೆಸರು ಮಾಡಿದ ಮನೆಗೆ ಇದು ಅವಮಾನ. ಫೆರಾರಿ ಪತ್ರ ಬರೆಯುತ್ತ ಕೂಡಲಿಲ್ಲ. ಅಮೆರಿಕೆಯ ಇಂಡಿಯಾನಾಪೊಲಿಸ್ ಪಂದ್ಯಗಳಿಗೆ ಹೊಂದುವ ಕಾರೊಂದನ್ನು ನಿಜವಾಗಿಯೇ ಕಟ್ಟಿಸಿ ಮಾರನೆಲ್ಲೊದಲ್ಲಿ ನಿಲ್ಲಿಸಿದನು. ಫಾರ್ಮುಲಾ ಒನ್ ಬಿಟ್ಟು ಅಲ್ಲಿಗೆ ಹೋದೇನು ಎಂಬುದು ಅದರ ಅರ್ಥ. ಹನ್ನೆರಡು ಸಿಲಿಂಡರುಗಳು ಉಳಿದುಕೊಂಡವು. ಆ ಕಾರು ಒಂದು ಪಂದ್ಯಕ್ಕೂ ಹೋಗಲಿಲ್ಲ. ಪಂದ್ಯಕ್ಕೇ ಹೋಗದೆ ಗೆದ್ದ ಫೆರಾರಿ ಕಾರು ಅದೊಂದೇ ಇರಬೇಕು.

೧೯೮೮ರ ಆಗಸ್ಟ್ ೧೪ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಹುಟ್ಟಿದ ಊರಿನಲ್ಲಿಯೇ ಎಂಜೊ ಫೆರಾರಿ ತೀರಿಕೊಂಡನು. ಸಂಸ್ಕಾರ ಮುಗಿಯುವವರೆಗೂ ಸುದ್ದಿಯನ್ನು ಹೊರಗೆ ಬಿಡಲಿಲ್ಲ. ಆ ವರ್ಷದ ಹದಿನಾರು ಪಂದ್ಯಗಳಲ್ಲಿ ಹದಿನೈದನ್ನು ಇಂಗ್ಲೆಂಡಿನ ಮೆಕ್‌ಲಾರೆನ್ ತಂಡ ಗೆದ್ದಿತು. ಉಳಿದ ಒಂದು ಪಂದ್ಯ ಸೆಪ್ಟೆಂಬರಿನಲ್ಲಿ ಮೋಂತ್ಸಾದಲ್ಲಿ ನಡೆದದ್ದು. ಅಲ್ಲಿ ಬೆರ್ಗರ್ ಮತ್ತು ಆಲ್ಬೊರೆಟೊ ಫೆರಾರಿ ಕಾರುಗಳನ್ನು ಒಂದನೆಯದಾಗಿಯೂ ಎರಡನೆಯದಾಗಿಯೂ ತಂದರು. ಫಿಯಟ್ಟಿನ ಪಾಲು ತೊಂಬತ್ತು ಶತಾಂಶಕ್ಕೇರಿತು. ಉಳಿದ ಹತ್ತು ಪಿಯೆರೊನದಾಯಿತು.

ಯಜಮಾನನು ಹೋದರೂ ಆತನ ಚೌಕಾಶಿಯ ಫಲಗಳು ಉಳಿದವು. ತನಗೆ ಒಪ್ಪಿಗೆಯಿಲ್ಲದ ತಾಂತ್ರಿಕ ನಿಯಮವನ್ನು ತಡೆಯುವ ವಿಶೇಷಾಧಿಕಾರವು ಎಂಬತ್ತರ ದಶಕದಿಂದ ಫೆರಾರಿ ಲಾಯಕ್ಕೊಂದಕ್ಕೇ ಇತ್ತು. ಬೇರೆ ಯಾವ ಕ್ರೀಡೆಯಲ್ಲಿಯೂ ಆಡುವವನೊಬ್ಬನಿಗೆ ಇಂಥ ಹಕ್ಕಿರ್ದುದನ್ನು ನಾನು ಕೇಳಿಲ್ಲ. ಲೋಕಕ್ಕೆ ಇದು ಸರಿಯಾಗಿ ತಿಳಿದದ್ದು ೨೦೦೯ರಲ್ಲಿ, ತಂಡಗಳ ಖರ್ಚಿಗೆ ಮಿತಿ ಹಾಕುವ ಯೋಜನೆಯ ವಿರುದ್ಧ ಫೆರಾರಿಯವರು ಪ್ಯಾರಿಸಿನ ನ್ಯಾಯಾಲಯಕ್ಕೆ ಹೋಗಿ ಸೋತಾಗ. ೨೦೧೫ರಲ್ಲಿ ಎಂಜಿನ್ನುಗಳ ಬೆಲೆಗೆ ಮಿತಿ ಹಾಕುವ ಸಲಹೆ ಬಂದಾಗ ಅದೇ ಹಕ್ಕನ್ನು ಬಳಸಿ ತಡೆದರು. ಅತ್ತ ದೂರದರ್ಶನದ ಹಾಗೂ ವ್ಯಾಪಾರದ ಹಕ್ಕುಗಳನ್ನು ಒಕ್ಕೂಟವು ೨೦೦೧ರಲ್ಲಿ ಎಕ್ಲ್‌ಸ್ಟನ್ನನ ಕಂಪನಿಗೆ ನೂರು ವರ್ಷಗಳ ಗುತ್ತಿಗೆಗೆ ಬರೆದುಕೊಟ್ಟಿತು; ಅವಧಿ ೨೦೧೧ರಿಂದ ೨೧೧೦ರವರೆಗೆ, ಬೆಲೆ ಸುಮಾರು ಮೂವತ್ತೊಂದು ಕೋಟಿ ಡಾಲರು. ಆ ಕಂಪನಿಯನ್ನು ೨೦೧೭ರ ಜನವರಿಯಲ್ಲಿ ಅಮೆರಿಕೆಯ ಲಿಬರ್ಟಿ ಮೀಡಿಯ ಕೊಂಡಾಗ ಅದರ ಒಟ್ಟು ಮೌಲ್ಯವನ್ನು ಸುಮಾರು ಎಂಟುನೂರು ಕೋಟಿ ಡಾಲರೆಂದು ಕಟ್ಟಿದರು. ನಮ್ಮ ಜಾತ್ರೆಯ ಯಾವ ಗುತ್ತಿಗೆದಾರನಿಗೂ ಇಂಥ ಗುತ್ತಿಗೆ ಸಿಕ್ಕಿರಲಾರದು. ಖರ್ಚಿನ ಮಿತಿಯು ಕೊನೆಗೆ ಜಾರಿಗೆ ಬಂದದ್ದು ೨೦೨೧ರಲ್ಲಿ, ವರ್ಷಕ್ಕೆ ಹದಿನಾಲ್ಕೂವರೆ ಕೋಟಿ ಡಾಲರಿನಂತೆ.

ಈ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಚಿಕ್ಕ ಪಾತ್ರವಿದೆ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ೨೦೦೭ರಲ್ಲಿ ಒಂದು ಸಣ್ಣ ತಂಡವನ್ನು ಕೊಂಡು ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟರು. ಮೊದಲ ವರ್ಷ ಅದಕ್ಕೆ ಎಂಜಿನ್ ಬಂದದ್ದು ಫೆರಾರಿಯಿಂದಲೇ. ೨೦೦೯ರ ಆಗಸ್ಟಿನಲ್ಲಿ ಬೆಲ್ಜಿಯಮ್ಮಿನ ಸ್ಪಾ ಪಥದಲ್ಲಿ ಈ ತಂಡದ ಫಿಸಿಕೆಲ್ಲಾ ಎರಡನೆಯವನಾಗಿ ಬಂದನು. ಮುಂದಿದ್ದುದು ಫೆರಾರಿ ಕಾರೊಂದೇ. ಮುಂದಿನ ಪಂದ್ಯಕ್ಕಾಗಲೇ ಫೆರಾರಿಯವರು ಆ ಸಾರಥಿಯನ್ನೇ ತಮ್ಮ ಲಾಯಕ್ಕೆ ಒಯ್ದರು. ದೂರದರ್ಶನ ಮೊದಲಾದವುಗಳಿಂದ ಬರುವ ಆದಾಯದಲ್ಲಿ ಫೆರಾರಿಯೂ ಇತರ ಕೆಲವು ದೊಡ್ಡ ತಂಡಗಳೂ ಗೆದ್ದರೂ ಸೋತರೂ ವಿಶೇಷ ಪಾಲು ಪಡೆಯುತ್ತವೆ, ನಿಯಮ ಮಾಡುವ ಸಮಿತಿಯಲ್ಲಿಯೂ ಅವುಗಳದೇ ಮಾತು ನಡೆಯುತ್ತದೆ ಎಂದು ಫೋರ್ಸ್ ಇಂಡಿಯಾ ಮತ್ತು ಸ್ವಿಟ್ಜರ್ಲೆಂಡಿನ ಸೌಬರ್ ತಂಡಗಳು ೨೦೧೫ರಲ್ಲಿ ಯುರೋಪಿಯನ್ ಕಮಿಷನ್ನಿಗೆ ದೂರು ಕೊಟ್ಟವು. ದೂರಿನಲ್ಲಿ ಹುರುಳಿತ್ತೆಂದೇ ನನ್ನ ಅಭಿಪ್ರಾಯ. ಕುಸ್ತಿ ಆರಂಭವಾಗುವ ಮೊದಲೇ ಗಲ್ಲಾ ಪೆಟ್ಟಿಗೆಯ ಒಂದು ಹಿಡಿ ಒಬ್ಬ ಪೈಲವಾನನಿಗೆಂದು ತೆಗೆದಿಟ್ಟರೆ ಉಳಿದವರು ಏನೆಂದುಕೊಳ್ಳಬೇಕು? ಆದರೆ ಆ ಪೈಲವಾನನು ಬರದಿದ್ದರೆ ಜನವೇ ಬರುವುದಿಲ್ಲವೆಂದು ಹೊಸ ಗುತ್ತಿಗೆದಾರನೂ ನಂಬಿದ್ದನು. ೨೦೧೮ರ ಜನವರಿಯಲ್ಲಿ ದೂರನ್ನು ಹಿಂತೆಗೆದುಕೊಂಡರು. ಅದೇ ಜುಲೈನಲ್ಲಿ ಸಾಲದ ಹೊರೆಯಿಂದ ಫೋರ್ಸ್ ಇಂಡಿಯಾ ನ್ಯಾಯಾಲಯ ನೇಮಿಸಿದ ಆಡಳಿತಗಾರರ ಕೈಸೇರಿತು. ಕೆನಡಾದ ಒಬ್ಬ ಸಿರಿವಂತನ ಕೂಟವು ಅದನ್ನು ಕೊಂಡಿತು. ೨೦೨೧ರಿಂದ ಅದು ಆಸ್ಟನ್ ಮಾರ್ಟಿನ್ ಎಂಬ ಹೆಸರಿನಲ್ಲಿ, ಇಂಗ್ಲೆಂಡಿನ ಹಸಿರು ಬಣ್ಣ ಬಳಿದುಕೊಂಡು ಓಡುತ್ತಿದೆ.